ಮ್ಯೂಸಿಯಂನಲ್ಲಿ ನಿನ್ನಜ್ಜಿ ಕಟ್ಟಿದ ಗುಡ್ಲು

ನನ್ನ ಕೂಸೇ,

ನೀನು ಹೆಣ್ಣೋ ಗಂಡೋ ನನಗೆ ಗೊತ್ತಿಲ್ಲ. ಹೊಟ್ಟೆ ಅಗಲವಾಗಿದೆ, ಹೆಣ್ಣೇ ಎನ್ನುವವರಿದ್ದಾರೆ. ನಡಿಗೆ ನೋಡಿ ಗಂಡೇ ಎನ್ನುವವರೂ ಇದ್ದಾರೆ. ನನಗೆ ಯಾವುದಾದರೂ ಸರಿ, ಎರಡು ತಿಂಗಳು ಕಳೆದರೆ ಗೊತ್ತಾಗುತ್ತದೆ. ಈ ಕಾಗದ ನೀನು ಓದುವ ಹೊತ್ತಿಗೆ ಹತ್ತು ವರ್ಷವಾದರೂ ಆಗಿರುತ್ತದೆ, ಅಷ್ಟರಲ್ಲಿ ಹಟ್ಟಿಯ ಜನ ನಿನಗೆ ಈ ಕಥೆಯನ್ನು ತಮಗೆ ಬೇಕಾದಂತೆ ಹೇಳಿ ಮುಗಿಸಿರುತ್ತಾರೆ. ನಿನ್ನವ್ವ ಏಳು ತಿಂಗಳ ಬಸುರಿ, ಮ್ಯೂಸಿಯಂ ಎಂದು ಊರೂರು ತಿರುಗಿದಳು, ದೋಣಿ ಹತ್ತಿ ಮೆರೆದಳು, ಅತ್ತೆಯ ತಲೆ ಕೆಡಿಸಿದಳು ಎಂದು. ತಿರುಗಿದ್ದು ನಿಜ, ಮೆರೆದದ್ದೂ ನಿಜ. ತಲೆ ಕೆಡಿಸಿದ್ದು ಮಾತ್ರ ಸುಳ್ಳು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನೀನು ಬರಲಿರುವ ಜಾಗದ ಬಗ್ಗೆ ಹೇಳುತ್ತೇನೆ. ನಮ್ಮ ಹಟ್ಟಿ ಯಲ್ಲದಕೆರೆಯಿಂದ ಮೂರು ಮೈಲಿ ಒಳಗಿದೆ. ಇಪ್ಪತ್ತೆರಡು ಮನೆ, ಸುತ್ತ ಮುಳ್ಳುಬೇಲಿ, ಜನರಿಗಿಂತ ಕುರಿ ಜಾಸ್ತಿ. ಮನೆಗಳಿಗೆ ಆರ್‌ಸಿಸಿ ಬಂದಿದೆ, ಟಿವಿ ಬಂದಿದೆ, ನಿಮ್ಮಪ್ಪ ಕುರಿ ಮೇಯಿಸುತ್ತ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಾನೆ. ಆದರೆ ಹೆತ್ತವಳೂ ಕೂಸೂ ದೇವರಿಗೆ ಮೈಲಿಗೆ ಎಂಬ ಕಟ್ಟಳೆ ಹಾಗೇ ಉಳಿದಿದೆ. ಹೆರಿಗೆ ಹಿರಿಯೂರಿನ ಆಸ್ಪತ್ರೆಯಲ್ಲಿ ಆದರೂ ವಾಪಸು ಬರುವ ಆಟೋ ಬೇಲಿಯ ಆಚೆಯೇ ನಿಲ್ಲುತ್ತದೆ. ಅಲ್ಲಿ ಹುಲ್ಲಿನದೊಂದು ಗುಡಿಸಲು ಕಟ್ಟಿರುತ್ತಾರೆ. ನಾವು ಅದನ್ನು ಗುಡ್ಲು ಎನ್ನುತ್ತೇವೆ. ಬಗ್ಗಿ ನುಗ್ಗಬೇಕು, ಒಳಗೆ ನೆಟ್ಟಗೆ ನಿಲ್ಲುವಂತಿಲ್ಲ. ತಾಯಿ ಕೂಸು ಮೂರು ತಿಂಗಳು ಅಲ್ಲಿರಬೇಕು. ಊಟ ತಂದವರು ದೂರದಲ್ಲೇ ಇಟ್ಟು ಹೋಗುತ್ತಾರೆ. ಯಾರೂ ಮುಟ್ಟುವುದಿಲ್ಲ. ಹಸಿ ಮೈಯವಳು ತಾನೇ ನೀರು ಕಾಯಿಸಿಕೊಂಡು ತಾನೇ ಕೂಸಿಗೆ ಎರೆಯಬೇಕು.

ಹಿರೇಗುಂಟನೂರಿನ ನನ್ನ ತವರಿನಲ್ಲಿ ಈ ಕಟ್ಟಳೆ ನನ್ನವ್ವನ ಕಾಲಕ್ಕೇ ಬಿಟ್ಟುಹೋಗಿತ್ತು. ಅವ್ವ ಈಗಿಲ್ಲ. ತವರಿಗೆ ಹೋದರೆ ಬಾಣಂತನ ಮಾಡುವವರು ಯಾರೂ ಇಲ್ಲ. ಹಾಗಾಗಿ ನೀನು ಹುಟ್ಟಿದ ಮೇಲೆ ನಾವಿಬ್ಬರೂ ಬರಬೇಕಾದದ್ದು ಈ ಹಟ್ಟಿಗೇ. ನನ್ನ ಹೇಡಿತನವನ್ನೂ ಹೇಳಿಬಿಡುತ್ತೇನೆ. ನಾನು ಬಬ್ಬೂರು ಫಾರಂನಲ್ಲಿ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮದುವೆಯಾದ ನಾಲ್ಕು ವರ್ಷ, ತಿಂಗಳಿಗೆ ಮೂರು ದಿನ ಮುಟ್ಟೆಂದು ಬೇಲಿಯ ಆಚೆ ಕೂರುವುದನ್ನು ತಪ್ಪಿಸಿಕೊಳ್ಳಲು, ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಹಿರಿಯೂರಿನಲ್ಲಿ ನನ್ನ ಗೆಳತಿ ಫರೀಹಾಳ ಮನೆಯಲ್ಲಿ ಉಳಿಯುತ್ತಿದ್ದೆ. ಜಗಳವಾಡಲಿಲ್ಲ, ಜಾರಿಕೊಂಡೆ. ನೀನು ಹೊಟ್ಟೆಯಲ್ಲಿ ಕೂತ ಮೇಲೆ ಜಾರಿಕೊಳ್ಳುವ ದಾರಿ ಮುಚ್ಚಿತು. ಮೂರು ತಿಂಗಳ ಡ್ಯೂಟಿ ಇದೆ ಎಂದರೆ ಯಾರು ನಂಬುತ್ತಾರೆ?

ಐದನೇ ತಿಂಗಳಲ್ಲಿ ನಿಮ್ಮಪ್ಪನಿಗೆ ನೇರವಾಗಿ ಹೇಳಿದೆ, ನಾನು ಗುಡ್ಲಿಗೆ ಹೋಗುವುದಿಲ್ಲ, ನನ್ನ ಕೂಸನ್ನೂ ಕಳಿಸುವುದಿಲ್ಲ ಎಂದು. ನಿಮ್ಮಪ್ಪ ಮಂಜಣ್ಣ ಒಳ್ಳೆಯವನೇ. ಆದರೆ ದೊಡ್ಡಪ್ಪನ ಮುಂದೆ ಅವನ ನಾಲಿಗೆ ಏಳುವುದಿಲ್ಲ. ಆ ದೊಡ್ಡಪ್ಪನೇ ಚಿತ್ತಪ್ಪಜ್ಜ. ಹಟ್ಟಿಯ ದೇವರ ಪೂಜೆ ಮಾಡುವವನು. ಅಜ್ಜ ನನ್ನ ಮೇಲೆ ಕೂಗಾಡಲಿಲ್ಲ. ಮೀಸೆಯಲ್ಲೇ ನಕ್ಕು, ನಿಮ್ಮನೇಲಿ ಹಿರಿಯಳು ಕೆಂಚಕ್ಕ, ಅವಳು ಏನು ಹೇಳಿದರೆ ಅದೇ ಆಗಲಿ ಎಂದ. ಯಾಕೆ ನಕ್ಕ ಗೊತ್ತೇ? ನಲವತ್ತು ವರ್ಷದಿಂದ ಹಟ್ಟಿಯ ಪ್ರತಿ ಬಾಣಂತಿಗೂ ಗುಡ್ಲು ಕಟ್ಟಿಕೊಟ್ಟವಳು ಕೆಂಚಕ್ಕ. ನನ್ನ ಅತ್ತೆ, ನಿನ್ನಜ್ಜಿ. ಅವಳು ಹುಲ್ಲು ಹೊದಿಸಿದರೆ ಎಂಥ ಮಳೆಗೂ ಹನಿ ಸೋರದು ಎಂದು ನಾಲ್ಕು ಹಳ್ಳಿಯಲ್ಲಿ ಹೆಸರು. ಕಟ್ಟುವವಳೇ ಬೇಡ ಎನ್ನುತ್ತಾಳೆಯೇ? ನಿಮ್ಮಪ್ಪನಿಗೂ ಭಾರ ಇಳಿಯಿತು. ನಾನು ಸೋತೆ ಎಂದುಕೊಂಡೆ.

ಇನ್ನು ಆ ದಿನದ ಕಥೆ. ಫಾರಂನ ಹೆಂಗಸರೆಲ್ಲ ಸೇರಿ ವರ್ಷಕ್ಕೊಂದು ದಿನ ಟೂರು ಹೋಗುತ್ತೇವೆ. ಈ ವರ್ಷ ಬೆಳಿಗ್ಗೆ ದುರ್ಗದ ಮ್ಯೂಸಿಯಂ, ಮಧ್ಯಾಹ್ನ ಹೆದ್ದಾರಿ ಪಕ್ಕ ಹೊಸದಾಗಿ ತೆರೆದ ಜನಪದ ಮ್ಯೂಸಿಯಂ, ಸಂಜೆ ಮಾರಿಕಣಿವೆ ಅಣೆಕಟ್ಟಿನ ನೀರಲ್ಲಿ ದೋಣಿ ಎಂದು ನಿರ್ಧಾರವಾಯಿತು. ಮನೆಯವರನ್ನೂ ಕರೆತರಬಹುದಿತ್ತು. ನಾನು ಅತ್ತೆಯನ್ನು ಕರೆದೆ, ಬರುತ್ತಾಳೆ ಎಂಬ ಆಸೆಯಿಂದಲ್ಲ, ಕರೆಯಲಿಲ್ಲ ಎಂಬ ಮಾತು ಬೇಡವೆಂದು. ಅವಳು ತಟ್ಟನೆ ಒಪ್ಪಿದಳು. ಕಾರಣ ಇತ್ತು. ಹೋದ ವರ್ಷ ಆ ಜನಪದ ಮ್ಯೂಸಿಯಂನವರು ನಮ್ಮ ಹಟ್ಟಿಗೆ ಬಂದು, ಒಂದು ಗುಡ್ಲು ಕಟ್ಟಿಕೊಡಬೇಕು ಎಂದು ಅತ್ತೆಯನ್ನೇ ಕರೆದುಕೊಂಡು ಹೋಗಿದ್ದರು. ನಾಲ್ಕು ದಿನ ಕಟ್ಟಿ ಬಂದಿದ್ದಳು. ದೇವರಿಗೆ ಬೆನ್ನು ಮಾಡಿ ಬಾಗಿಲು ಇಡಬೇಕು, ಇಲ್ಲಿ ದೇವರು ಯಾವ ಕಡೆ ಐತೆ ಅಂತ ಕೇಳಿದರೆ ಆ ಜನಕ್ಕೆ ಗೊತ್ತೇ ಇಲ್ಲ ಎಂದು ತಿಂಗಳುಗಟ್ಟಲೆ ಹೇಳಿ ನಗುತ್ತಿದ್ದಳು. ತನ್ನ ಕೈಕೆಲಸವನ್ನು ಜನ ನಿಂತು ನೋಡುವುದನ್ನು ಒಮ್ಮೆ ನೋಡಬೇಕೆಂದು ಅವಳಿಗೆ ಆಸೆ.

ಹೊರಡುವ ಹಿಂದಿನ ದಿನ ಬೀದಿಯಲ್ಲಿ ಹಟ್ಟಿಯ ಮುದ್ದಕ್ಕ ಅಡ್ಡ ನಿಂತು ಕೇಳಿದಳು, ಬಸುರಿ ಹೊಳೆ ನೀರು ದಾಟಬಾರದು, ಗೊತ್ತಿಲ್ಲವೇ ಎಂದು. ನಾನು ಡಾಕ್ಟರನ್ನು ಕೇಳಿದ್ದೆ. ದೊಡ್ಡ ದೋಣಿಯಲ್ಲಿ ಕೂತು ಹೋಗಲು ತೊಂದರೆಯಿಲ್ಲ ಎಂದಿದ್ದರು. ಅದನ್ನು ಹೇಳಿದರೆ ಸಾಕಾಗುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ, ದಾಟಲ್ಲ ಮುದ್ದಕ್ಕ, ಅದರ ಮೇಲೇ ಒಂದು ತಾಸು ಕುಂತಿರ್ತೀನಿ ಎಂದೆ. ಸಂಜೆಯೊಳಗೆ ಹಟ್ಟಿಗೆಲ್ಲ ಸುದ್ದಿಯಾಯಿತು.

ದುರ್ಗದ ಮ್ಯೂಸಿಯಂ ಬಾಗಿಲಲ್ಲಿ ನಿನ್ನಜ್ಜಿ ಚಪ್ಪಲಿ ಬಿಟ್ಟಳು. ಬೇಡ ಅತ್ತೆ, ಇದು ಗುಡಿಯಲ್ಲ ಎಂದರೂ ಕೇಳಲಿಲ್ಲ. ಅವಳನ್ನು ನೋಡಿ ಹಿಂದೆ ಬಂದ ಶಾಲೆ ಮಕ್ಕಳೆಲ್ಲ ಶೂ ಬಿಚ್ಚತೊಡಗಿದರು, ಅವರ ಮೇಷ್ಟ್ರು ತಲೆ ಚಚ್ಚಿಕೊಂಡರು. ಒಳಗೆ ಕತ್ತಿ, ಗುರಾಣಿ, ಫಿರಂಗಿ ಗುಂಡು. ಅವುಗಳ ಮುಂದೆ ಅವಳು ನಿಲ್ಲಲಿಲ್ಲ. ನಿಂತದ್ದು ವೀರಗಲ್ಲುಗಳ ಮುಂದೆ. ಒಂದರಲ್ಲಿ ದನದ ಹಿಂಡು, ಅಡ್ಡ ನಿಂತವನ ಕೈಯಲ್ಲಿ ಬಿಲ್ಲು. ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಎಂದು ನಾನು ಫಲಕ ಓದಿ ಹೇಳಿದೆ. ಅವಳು ಆ ಕಲ್ಲಿನ ಮೇಲೆ ಕೈಯಾಡಿಸಲು ಹೋದಳು, ಕಾವಲಿನವರು ಮುಟ್ಟಬೇಡಿ ಎಂದರು. ದನಕ್ಕೆ ಸತ್ತವನಿಗೆ ಎಷ್ಟು ಚೆಂದ ಕಲ್ಲು ಹಾಕ್ಯಾರೆ ನೋಡು ಎಂದು ನನ್ನ ಕಿವಿಯಲ್ಲಿ ಹೇಳಿ ಮುಂದೆ ಹೋದಳು. ನನಗೆ ಆಗ ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಫರೀಹಾ ತಂದಿದ್ದ ಖೀರು ಎಲ್ಲ ಮುಗಿಸಿ ಆ ಹೊಸ ಮ್ಯೂಸಿಯಂ ಹೊಕ್ಕೆವು. ಎಸಿ ಹಾಕಿದ್ದರು. ಹೊರಗಿನ ಬಿಸಿಲಿನಿಂದ ಒಳಗೆ ಬಂದವರಿಗೆ ಮೈ ಜುಮ್ಮೆಂದಿತು. ಕಾವ್ಯಶ್ರೀ ಎಂಬ ಹುಡುಗಿ ಇಸ್ತ್ರಿ ಸೀರೆಯುಟ್ಟು, ಕಿವಿಯ ಹತ್ತಿರ ಮೈಕು ಸಿಕ್ಕಿಸಿಕೊಂಡು ಎಲ್ಲವನ್ನೂ ವಿವರಿಸುತ್ತಿದ್ದಳು. ಕಂಬಳಿ ಮಗ್ಗ, ನೇಗಿಲು, ಕುರಿ ಉಣ್ಣೆ ಕತ್ತರಿಸುವ ಕತ್ತರಿ ದಾಟಿ ಕೊನೆಯ ಮೂಲೆಗೆ ಬಂದರೆ ನಿನ್ನಜ್ಜಿಯ ಗುಡ್ಲು. ನಿಜ ಹೇಳುತ್ತೇನೆ, ಚೆನ್ನಾಗಿತ್ತು. ಹುಲ್ಲಿನ ಒಂದೆಳೆ ಆಚೀಚೆ ಇರಲಿಲ್ಲ. ಮೇಲೊಂದು ಹಳದಿ ದೀಪ ಬಿಟ್ಟಿದ್ದರು. ಒಳಗೆ ಪ್ಲಾಸ್ಟರಿನಲ್ಲಿ ಮಾಡಿದ ಬಾಣಂತಿ ಮೊಣಕಾಲು ಮಡಚಿ ಕೂತಿದ್ದಳು. ಅವಳ ಪಕ್ಕ ಬರೀ ನೆಲದ ಮೇಲೆ ತುಂಡು ಬಟ್ಟೆಯಲ್ಲಿ ಸುತ್ತಿದ ಕೂಸಿನ ಬೊಂಬೆ. ಸುತ್ತ ಕೆಂಪು ಹಗ್ಗ.

ಕಾವ್ಯಶ್ರೀ ಮೈಕಿನಲ್ಲಿ ಹೇಳಿದಳು, ಇದು ಬಾಣಂತಿಯ ವಿಶ್ರಾಂತಿ ಕುಟೀರ, ಒಂದು ಕಾಲದಲ್ಲಿ ನಮ್ಮ ಹಿರಿಯರು ತಾಯಿ ಮಗುವಿಗೆ ಪ್ರಕೃತಿಯ ಮಡಿಲಲ್ಲಿ ಹೀಗೆ ಏಕಾಂತ ಒದಗಿಸುತ್ತಿದ್ದರು ಎಂದು. ಜನ ಫೋಟೋ ತೆಗೆದರು. ನಾನು ನಿನ್ನನ್ನು ಹೊತ್ತುಕೊಂಡು ಅವಳ ಎದುರಿಗೇ ನಿಂತಿದ್ದೆ. ವಿಶ್ರಾಂತಿಯಂತೆ. ಒಂದು ಕಾಲವಂತೆ. ಆ ಕಾಲ ಇನ್ನು ಎರಡು ತಿಂಗಳಿಗೆ ನನ್ನ ಪಾಲಿಗೆ ಬರಲಿದೆ ತಾಯಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನಜ್ಜಿ ಸೀರೆ ಎತ್ತಿ ಕಟ್ಟಿ ಕೆಂಪು ಹಗ್ಗ ದಾಟಿಬಿಟ್ಟಿದ್ದಳು.

ಹುಲ್ಲು ಸರಿಪಡಿಸಲು ಹೋದಳೆಂದು ನಾನು ತಿಳಿದೆ. ಅವಳು ಬಗ್ಗಿ ಗುಡ್ಲೊಳಗೆ ಕೈಹಾಕಿ ಆ ಬೊಂಬೆಯನ್ನು ಎತ್ತಿಕೊಂಡಳು. ತಲೆಯ ಕೆಳಗೆ ಅಂಗೈ ಕೊಟ್ಟು, ಎಳೆಗೂಸನ್ನು ಎತ್ತುವ ಹಾಗೆಯೇ. ಎದೆಗೆ ಅವುಚಿ ಸೆರಗು ಹೊದಿಸಿದಳು. ಕಾವ್ಯಶ್ರೀ ಗಾಬರಿಯಾಗಿ, ಅಮ್ಮಾ, ಅದನ್ನು ಮುಟ್ಟಬಾರದು ಎಂದಳು. ನಿನ್ನಜ್ಜಿ ಅವಳನ್ನೇ ದಿಟ್ಟಿಸಿದಳು.

"ಯಾಕವ್ವ ಮುಟ್ಟಬಾರ್ದು? ಎಳೇ ಕೂಸು, ಇಷ್ಟು ಥಂಡಿಯಾಗೆ ನೆಲದ ಮ್ಯಾಲೆ ಬಿಟ್ಟೀರಲ್ಲ."

ಹಗ್ಗ ದಾಟಿ ಈಚೆ ಬಂದು ನೆಟ್ಟಗೆ ಎದುರಿನ ಮೂಲೆಗೆ ಹೋದಳು. ಅಲ್ಲಿ ಹಳೇ ಕಾಲದ ಮನೆಯ ಒಳಕೋಣೆ ಮಾಡಿಟ್ಟಿದ್ದರು, ತೊಟ್ಟಿಲು, ಒಲೆ, ಕಂಬಳಿ ಎಲ್ಲ ಇತ್ತು. ತೊಟ್ಟಿಲಲ್ಲಿ ಬೊಂಬೆ ಮಲಗಿಸಿ, ಕಂಬಳಿ ಹೊದಿಸಿ, ಎರಡು ಸಲ ತೂಗಿದಳು. ಆಮೇಲೆ ತೂಗುತ್ತಿದ್ದ ಕೈ ಹಾಗೇ ನಿಂತಿತು. ಫೋಟೋ ತೆಗೆಯುತ್ತಿದ್ದವರೂ ನಿಲ್ಲಿಸಿದರು. ಫರೀಹಾ ಹೋಗಿ ಅವಳ ಕೈ ಹಿಡಿದು ಹೊರಗೆ ಕರೆತಂದಳು. ಕಾವ್ಯಶ್ರೀ ಬೊಂಬೆಯನ್ನು ವಾಪಸು ಇಟ್ಟಳೋ ಇಲ್ಲವೋ ನಾನು ನೋಡಲಿಲ್ಲ.

ಬಸ್ಸು ಹತ್ತಿದೆವು. ವಾಪಸು ಹೋಗೋಣವೇ ಎಂದು ಕೇಳಿದರೆ, ದೋಣಿ ಅಂದಿದ್ದಲ್ಲ, ಹೋಗಾಣ ಎಂದಳು.

ಕಣಿವೆ ತುಂಬಿ ಬೆಟ್ಟದ ಮೊಣಕಾಲಿನವರೆಗೆ ನೀರು ನಿಂತಿತ್ತು. ನಮ್ಮ ವೇದಾವತಿಯನ್ನು ನಾನು ಮರಳಾಗಿ ನೋಡಿದ್ದೇ ಹೆಚ್ಚು, ಅಷ್ಟು ಅಗಲ ನೀರು ನೋಡಿ ನನಗೇ ನಾಚಿಕೆಯಿಲ್ಲದ ಖುಷಿಯಾಯಿತು. ದೋಣಿಯ ಜಮೀರಣ್ಣ ನನ್ನ ಹೊಟ್ಟೆ ನೋಡಿ, ಅಕ್ಕಾ, ನೀವು ಬ್ಯಾಡ್ರಿ, ದಡದಾಗೆ ಕುಂತ್ಕಳ್ರಿ ಎಂದ. ಡಾಕ್ಟರ ಮಾತು ಹೇಳಿದೆ. ಮನಸ್ಸಿಲ್ಲದೆ ಒಪ್ಪಿದ. ಲೈಫ್ ಜಾಕೆಟ್ಟಿನ ಪಟ್ಟಿ ನಿನ್ನ ಮೇಲಿನಿಂದ ಸುತ್ತಿ ಬರಲಿಲ್ಲ, ಒಂದು ಗೇಣು ಕಡಿಮೆ. ಫರೀಹಾ ತನ್ನ ದುಪಟ್ಟ ತೆಗೆದು ಎರಡು ತುದಿಗೂ ಗಂಟು ಹಾಕಿದಳು. ಕಿತ್ತಳೆ ಜಾಕೆಟ್ಟು, ಹಸಿರು ದುಪಟ್ಟ, ಮಧ್ಯೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ದೋಣಿ ಹೊರಟಾಗ ನಿನ್ನಜ್ಜಿ ಒಂದು ಕೈಯಲ್ಲಿ ಸೀಟನ್ನೂ ಇನ್ನೊಂದರಲ್ಲಿ ನನ್ನ ಮೊಣಕೈಯನ್ನೂ ಹಿಡಿದಿದ್ದಳು. ನೀರಿನ ನಡುವೆ ಜಮೀರಣ್ಣ ಎಂಜಿನ್ ನಿಲ್ಲಿಸಿದ. ಇಂಥ ನಿಶ್ಶಬ್ದ ನಾನು ಕೇಳಿಯೇ ಇರಲಿಲ್ಲ. ನೀರು ದೋಣಿಯ ಪಕ್ಕೆಗೆ ತಟ್ಟುವುದು ಮಾತ್ರ ಕೇಳುತ್ತಿತ್ತು. ಆಗ ಅವಳು ನೀರನ್ನೇ ನೋಡುತ್ತ ಮಾತು ತೆಗೆದಳು.

"ಲತಾ, ನಿನ್ ಗಂಡನಿಗಿಂತ ಮೊದ್ಲು ಒಂದು ಇತ್ತು. ಹೆಣ್ಣು. ಹನ್ನೊಂದು ದಿನ ಇತ್ತು."

ನಾಲ್ಕು ವರ್ಷ ಅವಳ ಮನೆಯಲ್ಲಿ ಉಂಡವಳಿಗೆ ಇದು ಗೊತ್ತಿರಲಿಲ್ಲ. ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಹೆಸರಿಡುವುದು ಗುಡ್ಲಿನಿಂದ ಒಳಗೆ ಬಂದ ಮೇಲೆ, ಒಳಗೆ ಬಾರದ ಕೂಸಿಗೆ ಹೆಸರೂ ಇಲ್ಲ, ಕಲ್ಲೂ ಇಲ್ಲ, ಲೆಕ್ಕವೂ ಇಲ್ಲ. ಹಿಂಗಾರು ಮಳೆ ಹಿಡಿದಿತ್ತಂತೆ. ಅತ್ತೆ ಆಗ ಹೊಸದಾಗಿ ಬಂದ ಸೊಸೆ, ತನ್ನ ಗುಡ್ಲು ತಾನೇ ಕಟ್ಟಿಕೊಂಡಿದ್ದಳಂತೆ, ಕಟ್ಟಲು ಸರಿಯಾಗಿ ಬರುತ್ತಿರಲಿಲ್ಲವಂತೆ. ಸೋರಿತು. ಕೂಸಿಗೆ ಎದೆ ಕಟ್ಟಿತು. ಬೇಲಿಯ ಆಚೆಯಿಂದ ಕೂಗಿದಳು. ಬಂದವರು ದೂರ ನಿಂತು ನೋಡಿದರು. ಚೆನ್ನಾಗಿ ಹೊದಿಸಿದ್ದರೆ ಉಳೀತಿತ್ತು ಎಂದು ಯಾರೋ ಅಂದರು. ಆ ಮಾತನ್ನು ಅವಳು ನಂಬಿದಳು. ನಲವತ್ತು ವರ್ಷ ನಂಬಿದಳು, ಕೂಸೇ. ಆಮೇಲೆ ಹುಲ್ಲು ಹೊದಿಸುವುದನ್ನು ಹಠ ಹಿಡಿದು ಕಲಿತು, ಹಟ್ಟಿಯಲ್ಲಿ ಯಾರು ಹೆತ್ತರೂ ತಾನೇ ಓಡಿಹೋಗಿ ಕಟ್ಟಿದಳು, ಇನ್ನೊಂದು ಸೋರಬಾರದೆಂದು. ಅವಳನ್ನು ನಾನು ಕಟ್ಟಳೆಯ ಕಾವಲುಗಾರ್ತಿ ಎಂದುಕೊಂಡಿದ್ದೆ. ಎಷ್ಟು ಬಿರುಸಾಗಿ ಮಾತಾಡಿದ್ದೆ ಅವಳ ಜೊತೆ. ಆ ಮಾತುಗಳೆಲ್ಲ ನೆನಪಾಗಿ ನಾನು ಅತ್ತುಬಿಟ್ಟೆ.

ಅವಳು ಅಳಲಿಲ್ಲ.

"ಅದು ಹೋಗಿದ್ದು ಹುಲ್ಲಿಂದಲ್ಲ ಲತಾ. ಇವತ್ತು ನೋಡಿದ್ನಲ್ಲ. ಅಷ್ಟು ಚೆಂದ ಕಟ್ಟೀನಿ, ಒಂದೆಳೆ ಆಚೀಚೆ ಇಲ್ಲ. ಆದ್ರೂ ಕೂಸು ಹೊರಗೇ ಐತೆ."

ಜಮೀರಣ್ಣ ಎಂಜಿನ್ ಹಚ್ಚಿ ದಡದ ಕಡೆ ತಿರುಗಿಸಿದ. ನಿನ್ನಜ್ಜಿ ಬಗ್ಗಿ ಬೊಗಸೆ ನೀರು ತೆಗೆದು ಮುಖಕ್ಕೆ ಹಾಕಿಕೊಂಡಳು, ಇನ್ನೊಂದು ಬೊಗಸೆ ನನ್ನ ಹೊಟ್ಟೆಯ ಮೇಲೆ ಚಿಮುಕಿಸಿದಳು. ನೀನು ಒಳಗಿನಿಂದ ಕಾಲು ಝಾಡಿಸಿದೆ. ದಡ ಹತ್ತಿರ ಬಂದಾಗ ಅವಳು ಇಳಿಯಲು ಒಪ್ಪಲೇ ಇಲ್ಲ. ಇನ್ನೊಂದು ಸುತ್ತು ಹಾಕ್ಸಪ್ಪ, ನನ್ ಸೊಸೆ ಬಸುರಿ, ಆಸೆ ಪಟ್ಟಾಳೆ ಎಂದು ನನ್ನ ಹೆಸರಲ್ಲಿ ತನ್ನ ಆಸೆ ತೀರಿಸಿಕೊಂಡಳು. ಎರಡನೇ ಸುತ್ತಿನಲ್ಲಿ ಸೀಟು ಹಿಡಿಯಲಿಲ್ಲ. ಸೆರಗು ಗಾಳಿಗೆ ಹಾರಿದರೂ ಹಿಡಿಯಲಿಲ್ಲ. ಅವಳಿಗೆ ಅರವತ್ತೆರಡು ವರ್ಷ, ಒಂದಿಡೀ ಸಂಜೆ ಸುಮ್ಮನೆ ಕೂತು ಸುಖಪಟ್ಟದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು. ಇದನ್ನೇ ಹಟ್ಟಿಯವರು ಮೆರೆಯುವುದು ಎನ್ನುವುದು. ಮೆರೆಯಲಿ ಬಿಡು. ನೀನೂ ದೊಡ್ಡದಾದ ಮೇಲೆ ಚೆನ್ನಾಗಿ ಮೆರೆ.

ಮೂರನೇ ದಿನ ಚಿತ್ತಪ್ಪಜ್ಜ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ನಮ್ಮ ಮನೆ ಜಗಲಿಗೆ ಬಂದ. ಬಸುರಿ ನೀರಿನ ಮೇಲೆ ಹೋದದ್ದಕ್ಕೆ ನನಗೆ ಬುದ್ಧಿ ಹೇಳಿದ. ನಾನು ಬಾಗಿಲಲ್ಲೇ ನಿಂತು ಕೇಳಿದೆ, ತಲೆ ತಗ್ಗಿಸಲಿಲ್ಲ. ಆಮೇಲೆ ಗುಡ್ಲಿನ ಮಾತು ಬಂತು. ಹುಲ್ಲು ಕೊಯ್ಯುವ ಕಾಲ, ಈಗಲೇ ಕೊಯ್ದು ಒಣಗಿಸಿಕೋ ಕೆಂಚಕ್ಕ ಎಂದ. ದೇವರ ಪೆಟ್ಟಿಗೆ ನಿಮ್ಮ ಮನೇಲೇ ಐತೆ, ಬೇರೆಯವರಿಗಿಂತ ನಿಮಗೆ ಮಡಿ ಜಾಸ್ತಿ ಎಂದೂ ಸೇರಿಸಿದ. ಅದು ನಿಜ. ಹಟ್ಟಿಯ ದೇವರನ್ನು ಇಟ್ಟ ಪೆಟ್ಟಿಗೆ ನಮ್ಮ ನಡುಮನೆಯಲ್ಲೇ ಇರುವುದು. ನಿಮ್ಮಪ್ಪ ಕಂಬಕ್ಕೆ ಒರಗಿ ನಿಂತು, ಅವ್ವ ಹೇಳಿದಂಗೆ ಎಂದ. ಎಲ್ಲರೂ ನಿನ್ನಜ್ಜಿಯ ಕಡೆ ತಿರುಗಿದರು.

ದೋಣಿಯಲ್ಲಿ ಆಡಿದ ಮಾತೇ ಬೇರೆ, ಐದು ಜನ ಗಂಡಸರ ಮುಂದೆ ಆಡುವ ಮಾತೇ ಬೇರೆ. ಭಾವನಾದ ಚಿತ್ತಪ್ಪಜ್ಜನ ಎದುರು ಅವಳು ಈ ನಲವತ್ತು ವರ್ಷದಲ್ಲಿ ತಲೆಯ ಸೆರಗು ಜಾರಿಸಿದವಳಲ್ಲ. ಅವತ್ತೂ ಜಾರಿಸಲಿಲ್ಲ, ಸರಿಯಾಗಿ ಎಳೆದುಕೊಂಡೇ ಮಾತಾಡಿದಳು. ಮೊದಲು ಆ ಹನ್ನೊಂದು ದಿನದ ಹೆಣ್ಣಿನ ವಿಷಯ ಹೇಳಿದಳು. ಬೇಲಿಯ ಈಚೆ ನಿಂತು ನೋಡಿದವರಲ್ಲಿ ಭಾವ ನೀವೂ ಇದ್ರಿ ಎಂದಳು. ಅಜ್ಜ ನೆಲ ನೋಡಿದ. ನಿಮ್ಮಪ್ಪ ಕಂಬ ಬಿಟ್ಟು ಬಂದು ಅವಳ ಪಕ್ಕ ಕೂತ. ಆಮೇಲೆ ಅವಳು ಹೇಳಿದ ಮಾತನ್ನು, ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ನಿನಗಾಗಿ ಬರೆಯುತ್ತಿದ್ದೇನೆ.

"ಹುಲ್ಲು ಕೊಯ್ತೀನಿ ಭಾವ. ಗುಡ್ಲೂ ಕಟ್ತೀನಿ, ಒಂದು ಹನಿ ಸೋರ್ದಂಗೆ. ಆದ್ರೆ ಕೂಸು ಮನೇಲೇ ಇರ್ತೈತೆ. ದೇವ್ರಿಗೆ ಮೈಲಿಗೆ ಆಗಾದಾದ್ರೆ, ಮೂರು ತಿಂಗ್ಳು ದೇವ್ರೇ ಹೋಗಿ ಅದ್ರಾಗೆ ಇರ್ಲಿ."

ಅವತ್ತಿನಿಂದ ಹಟ್ಟಿಯಲ್ಲಿ ಹದಿನಾರು ಮನೆಯವರು ನಮ್ಮ ಜೊತೆ ಮಾತಾಡುವುದಿಲ್ಲ. ನಿನಗೆ ಹೆಸರಿಡುವ ದಿನ ಯಾರೂ ಬಾರದೆ ಇರಬಹುದು. ಫರೀಹಾ ಬರುತ್ತಾಳೆ, ಖೀರು ಮಾಡಿಕೊಂಡು. ನಾನು ಹೆದರಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಈ ಕಾಗದ ಬರೆಯುತ್ತ ಕೂತಿರುವಾಗ ಹೊರಗೆ ನಿನ್ನಜ್ಜಿ ಹುಲ್ಲಿನ ಕಟ್ಟು ಇಳಿಸುತ್ತಿದ್ದಾಳೆ. ನಿಮ್ಮಪ್ಪ ಬಿದಿರಿನ ಗಳ ಹಿಡಿದು ನಿಂತಿದ್ದಾನೆ. ಬಾಗಿಲನ್ನು ಎತ್ತರ ಇಡು, ದೇವರಿಗೆ ಬಗ್ಗಿ ರೂಢಿಯಿಲ್ಲ ಎಂದು ಅವನಿಗೆ ಹೇಳಿಕೊಡುತ್ತಿದ್ದಾಳೆ.

ಧೈರ್ಯವಾಗಿ ಬಾ ಕಂದ. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ನಿನ್ನ ಬಾಯಿ ಅದಕ್ಕಿಂತ ಗಟ್ಟಿಯಾಗಿರಲಿ.

ಹೊಸ್ತಿಲ ಒಳಗೇ ನಿನ್ನನ್ನು ಎತ್ತಿಕೊಳ್ಳಲಿರುವ,
ನಿನ್ನವ್ವ ಲತಾ